ಅಂಶ ನಮ್ಮ ಕೈಯಲ್ಲಿದೆ, ಛೇದ ಎಲ್ಲಿದೆ?

ಮಾನ್ಯ ಸಂಪಾದಕರೇ,

ಎಂಬಿಬಿಎಸ್ ಮುಗಿಸಿ ಊರಿಗೆ ಬರುವ ಮಕ್ಕಳಿಗೆ ಎಲ್ಲರೂ ಹೇಳುವುದು ಒಂದೇ ಮಾತು. ಕುಟುಂಬ ವೈದ್ಯರಾದರೆ ಜ್ವರ, ಶೀತಕ್ಕೆ ಮದ್ದು ಕೊಡುತ್ತಾ ಕೂರಬೇಕು. ಸಂಶೋಧನೆ ಮಾಡಬೇಕೆಂದಿದ್ದರೆ ಮಂಗಳೂರೋ ಬೆಂಗಳೂರೋ ಸೇರಿ ತಜ್ಞರಾಗಬೇಕು. ಹೆತ್ತವರೂ ಹೀಗೆ ಹೇಳುತ್ತಾರೆ, ಪಾಠ ಮಾಡಿದ ಪ್ರೊಫೆಸರರೂ ಹೇಳುತ್ತಾರೆ. ಜ್ವರ, ಶೀತದ ಮಾತು ನಿಜವೇ. ಸಂಶೋಧನೆಯ ಮಾತು ಮಾತ್ರ ತಪ್ಪು. ಆ ತಪ್ಪು ತಿಳಿವಳಿಕೆಗೆ ನಮ್ಮ ಕಾಸರಗೋಡು ಜಿಲ್ಲೆ ಸಾಕಷ್ಟು ಬೆಲೆ ತೆತ್ತಿದೆ.

ಮೊದಲು ಒಂದು ಹಳೆಯ ಲೆಕ್ಕ. 1961ರಲ್ಲಿ ಕೆರ್ ವೈಟ್ ಎಂಬ ವೈದ್ಯ ಸಂಶೋಧಕರು ಮತ್ತು ಅವರ ಸಂಗಡಿಗರು ಅಮೆರಿಕ, ಬ್ರಿಟನ್‌ಗಳ ಅಂಕಿಅಂಶ ಜೋಡಿಸಿ ತೋರಿಸಿದ್ದು ಇದು: 1000 ವಯಸ್ಕರಲ್ಲಿ ಒಂದು ತಿಂಗಳೊಳಗೆ 750 ಮಂದಿಗೆ ಏನಾದರೊಂದು ಅಸೌಖ್ಯ ಬರುತ್ತದೆ. ಅವರಲ್ಲಿ 250 ಮಂದಿ ವೈದ್ಯರ ಬಳಿ ಹೋಗುತ್ತಾರೆ. ಆಸ್ಪತ್ರೆಗೆ ದಾಖಲಾಗುವವರು 9. ವಿಶ್ವವಿದ್ಯಾಲಯದ ದೊಡ್ಡ ಆಸ್ಪತ್ರೆ ಮುಟ್ಟುವವರು 1. ವೈದ್ಯಕೀಯ ಪಠ್ಯದಲ್ಲಿ ಬರೆದಿರುವುದರಲ್ಲಿ ಹೆಚ್ಚಿನದು ಆ ಒಬ್ಬರನ್ನು ನೋಡಿ ಕಲಿತದ್ದು. ಉಳಿದ 249 ಮಂದಿ ಬಂದು ಕೂರುವುದು ಪೆರ್ಲ, ಬದಿಯಡ್ಕ, ಮುಳ್ಳೇರಿಯದಂತಹ ಪೇಟೆಗಳ ಕ್ಲಿನಿಕ್ಕಿನ ಬೆಂಚಿನ ಮೇಲೆ.

ಇದು ಬರೀ ತಾತ್ವಿಕ ಗೊಣಗಾಟವಲ್ಲ, ಇದರಿಂದ ಪರೀಕ್ಷೆಯ ಅರ್ಥವೇ ಬದಲಾಗುತ್ತದೆ. ರೋಗ ಇರುವ 100ರಲ್ಲಿ 90 ಮಂದಿಯನ್ನು ಹಿಡಿಯುವ, ರೋಗ ಇಲ್ಲದ 100ರಲ್ಲಿ 90 ಮಂದಿಗೆ ‘ಇಲ್ಲ’ ಎಂದು ಸರಿಯಾಗಿ ಹೇಳುವ ಒಂದು ರಕ್ತಪರೀಕ್ಷೆ ಇದೆಯೆನ್ನಿ. ಅರ್ಧಕ್ಕರ್ಧ ರೋಗಿಗಳೇ ಬರುವ ತಜ್ಞರ ವಿಭಾಗದಲ್ಲಿ ಅದು ಪಾಸಿಟಿವ್ ಎಂದರೆ ಶೇಕಡಾ 90 ನಂಬಬಹುದು. ಅದೇ ಕಿಟ್ ಹಳ್ಳಿಯ ಕ್ಲಿನಿಕ್ಕಿಗೆ ಬಂತು. ಇಲ್ಲಿ ಬರುವ 1000 ಮಂದಿಯಲ್ಲಿ ನಿಜವಾದ ರೋಗಿಗಳು 20. ಪರೀಕ್ಷೆ ಅವರಲ್ಲಿ 18 ಮಂದಿಯನ್ನು ಹಿಡಿಯುತ್ತದೆ. ರೋಗವಿಲ್ಲದ 980ರಲ್ಲಿ 98 ಮಂದಿಯನ್ನು ಸುಮ್ಮನೆ ರೋಗಿ ಎನ್ನುತ್ತದೆ. ಒಟ್ಟು 116 ಪಾಸಿಟಿವ್, ನಿಜ 18. ಅಂದರೆ ಆರರಲ್ಲಿ ಒಂದೂ ಇಲ್ಲ. ಕಿಟ್ ಕೆಟ್ಟಿಲ್ಲ, ಲ್ಯಾಬಿನವರು ತಪ್ಪು ಮಾಡಿಲ್ಲ. ಆದರೆ ನಮ್ಮಲ್ಲಿಗೆ ಬರುವವರಲ್ಲಿ ಯಾವ ಕಾಯಿಲೆ ಎಷ್ಟಿದೆ ಎಂಬ ಲೆಕ್ಕ ನಮ್ಮಲ್ಲೇ ಇಲ್ಲದಿದ್ದರೆ ಆ 98 ಮಂದಿಯನ್ನು ತಲಪಾಡಿ ಗಡಿ ದಾಟಿಸಿ ಸ್ಕ್ಯಾನಿಂಗಿಗೆ ಕಳಿಸುತ್ತಲೇ ಇರುತ್ತೇವೆ. ಈ ಲೆಕ್ಕವನ್ನು ದೊಡ್ಡ ಆಸ್ಪತ್ರೆಯವರು ಮಾಡಿಕೊಡಲು ಸಾಧ್ಯವಿಲ್ಲ. ಅವರ ಬಳಿಗೆ ಹೋಗುವವರು ಬೇರೆಯೇ ಜನ.

ಎಣ್ಮಕಜೆ ಪಂಚಾಯತಿನ ಪಡ್ರೆಯನ್ನು ನೆನೆಯದೆ ಕಾಸರಗೋಡಿನಲ್ಲಿ ಈ ವಿಷಯ ಬರೆಯಲಾಗದು. ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳಿಗೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದರು. ಒಂದೇ ಸುತ್ತಿನ ಮನೆಗಳಲ್ಲಿ ವಿಚಿತ್ರ ಕಾಯಿಲೆಗಳು ಒಟ್ಟೊಟ್ಟಾಗಿ ಕಾಣಿಸುತ್ತಿವೆ ಎಂದು ಮೊದಲೇ ಗುರುತಿಸಿದವರಲ್ಲಿ ವಾಣಿನಗರದಲ್ಲಿ ರೋಗಿಗಳನ್ನು ನೋಡುತ್ತಿದ್ದ ಡಾ. ವೈ.ಎಸ್. ಮೋಹನ ಕುಮಾರ್ ಒಬ್ಬರು. ಅವರು ಪ್ರಯೋಗಾಲಯದ ವಿಜ್ಞಾನಿಯಲ್ಲ, ಊರಿನ ಡಾಕ್ಟ್ರು. ಆಮೇಲೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದರು. 10ರಿಂದ 19 ವರ್ಷದ 117 ಹುಡುಗರನ್ನು, ಸಿಂಪಡಣೆ ಇಲ್ಲದ ಕಡೆಯ 90 ಹುಡುಗರೊಡನೆ ಹೋಲಿಸಿದ ಅವರ ಅಧ್ಯಯನ 2003ರಲ್ಲಿ ಪ್ರಕಟವಾಯಿತು. 2011ರ ಮೇ 13ರಂದು ಸುಪ್ರೀಂ ಕೋರ್ಟಿನ ನಿಷೇಧ ಬಂತು. ಈ ನಡುವೆ ವರ್ಷಗಟ್ಟಲೆ ನಡೆದ ಜಗಳ ಯಾವುದರ ಬಗ್ಗೆ? ಹೋಲಿಕೆಗೆ ಆರಿಸಿದ ಊರು ಸರಿಯೇ, ಸಂಖ್ಯೆ ಸಾಕೇ, ಸಿಂಪಡಣೆಗಿಂತ ಮೊದಲು ಇಂತಹ ಮಕ್ಕಳು ಹುಟ್ಟುತ್ತಿರಲಿಲ್ಲ ಎನ್ನಲು ದಾಖಲೆ ಏನು. ಶಾಲೆಯ ಭಿನ್ನರಾಶಿ ನೆನಪಿಸಿಕೊಳ್ಳಿ. ಮೇಲಿನದು ಅಂಶ, ಕೆಳಗಿನದು ಛೇದ. ಅಂಶ ಕಣ್ಣೆದುರಿಗೇ ಇತ್ತು, ಮನೆಮನೆಯಲ್ಲೂ ಮಲಗಿತ್ತು. ಎಷ್ಟು ಮನೆಗಳಲ್ಲಿ, ಎಷ್ಟು ಹೆರಿಗೆಗಳಲ್ಲಿ, ಯಾವ ವರ್ಷ ಎಂಬ ಛೇದ ಮಾತ್ರ ಯಾರ ಬಳಿಯೂ ಗಟ್ಟಿಯಾಗಿ ಇರಲಿಲ್ಲ. ಸಂಶೋಧನೆಯಲ್ಲಿ ಕುಟುಂಬ ವೈದ್ಯರ ಪಾಲು ಈ ಛೇದವನ್ನು ಕಟ್ಟಿಡುವುದು. ಮಿಕ್ಕಿದ್ದೆಲ್ಲ ಅದರ ಮೇಲೆ ನಿಲ್ಲುತ್ತದೆ.

ದೂರದ ಒಂದು ಉದಾಹರಣೆಯೂ ಇದೆ. ಇಂಗ್ಲೆಂಡಿನ ಐಸ್‌ಗಾರ್ತ್ ಎಂಬ ಕಣಿವೆಯ ಹಳ್ಳಿಯಲ್ಲಿ ವಿಲಿಯಂ ಪಿಕಲ್ಸ್ ಎಂಬ ವೈದ್ಯರು 1930ರ ದಶಕದಲ್ಲಿ ತಮ್ಮ ಸೀಮೆಯ ಸಾಂಕ್ರಾಮಿಕ ರೋಗಿಗಳನ್ನೆಲ್ಲ ದಿನವಹಿ ನಕ್ಷೆಯಲ್ಲಿ ಗುರುತಿಸಿದರು. ಯಾರ ಮನೆಗೆ ಯಾರು ಹೋದರು, ಯಾವ ಜಾತ್ರೆಗೆ ಯಾರು ಬಂದರು ಎಂಬುದು ಹಳ್ಳಿಯ ಡಾಕ್ಟರಿಗೆ ಗೊತ್ತಿರುತ್ತದಲ್ಲ, ಅಷ್ಟರಿಂದಲೇ ಕಾಮಾಲೆ ತಗಲಿದ ದಿನದಿಂದ ಕಾಣಿಸಿಕೊಳ್ಳುವವರೆಗಿನ ಅವಧಿಯನ್ನು ಲೆಕ್ಕ ಹಾಕಿದರು. ಪಟ್ಟಣದ ಆಸ್ಪತ್ರೆಯಲ್ಲಿ ಕುಳಿತು ಅದನ್ನು ಮಾಡಲಾಗುತ್ತಿರಲಿಲ್ಲ. ಬೆಳ್ಳೂರು, ದೇಲಂಪಾಡಿಯಂತಹ ಊರುಗಳು ಈ ದೃಷ್ಟಿಯಿಂದ ಹಿಂದುಳಿದ ಜಾಗಗಳೇ ಅಲ್ಲ.

ಇನ್ನು ದಾರಿ. ಕುಟುಂಬ ವೈದ್ಯಕೀಯದಲ್ಲಿ ಮೂರು ವರ್ಷದ ಸ್ನಾತಕೋತ್ತರ ತರಬೇತಿಯಾದ ಡಿಎನ್‌ಬಿ ಇದೆ, ಕೋಯಿಕ್ಕೋಡ್ ಸರಕಾರಿ ವೈದ್ಯಕೀಯ ಕಾಲೇಜಿನಲ್ಲಿ ಎಂಡಿ ಇದೆ. ಎರಡರಲ್ಲೂ ಪ್ರಬಂಧ ಕಡ್ಡಾಯ. ಪ್ರಾಕ್ಟೀಸ್ ಬಿಟ್ಟು ಹೋಗಲಾಗದವರಿಗೆ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ದೂರಶಿಕ್ಷಣದಲ್ಲಿ ಡಿಪ್ಲೊಮಾ ನಡೆಸುತ್ತದೆ. ರೋಗಿ ನೋಡುವ ಕೈ ಪಳಗಲು ಅದು ಒಳ್ಳೆಯದು, ಸಂಶೋಧನೆಗೆ ಅದೊಂದೇ ಸಾಲದು. ಸಂಶೋಧನಾ ವಿಧಾನದ ಮೊದಲ ಪಾಠಕ್ಕೆ ಚೆನ್ನೈನ ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆಯ ಆನ್‌ಲೈನ್ ಕೋರ್ಸ್ ಸಾಕು. ಪಿಜಿ ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಅದು ಕಡ್ಡಾಯವಾದ್ದರಿಂದ ಬಹಳ ಮಂದಿ ಕಾಟಾಚಾರಕ್ಕೆ ಮುಗಿಸುತ್ತಾರೆ. ಹಾಗೆ ಮಾಡಬೇಡಿ, ಪಾಠ ಚೆನ್ನಾಗಿದೆ. ಎರಡು ವರ್ಷ ಕೊಡಬಲ್ಲವರಿಗೆ ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯ ಅಚ್ಯುತ ಮೇನೋನ್ ಕೇಂದ್ರದಲ್ಲಿ ಎಂಪಿಎಚ್, ಅಂದರೆ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ, ಇದೆ. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೂ ಸಾರ್ವಜನಿಕ ಆರೋಗ್ಯ ವಿಭಾಗವಿದೆ. ಇನ್ನೂ ಎಂಬಿಬಿಎಸ್ ಓದುತ್ತಿರುವವರು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್‌ನ ಅಲ್ಪಾವಧಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿ ಎರಡು ತಿಂಗಳ ಸಣ್ಣ ಅಧ್ಯಯನ ಮಾಡಬಹುದು. ಪದವಿಗಳ ಸಾಲಿನಲ್ಲಿ ಪಿಎಚ್‌ಡಿಯನ್ನು ಮೊದಲಿಗೆ ಇಡುವವರಿದ್ದಾರೆ. ನಮ್ಮ ಅಭಿಪ್ರಾಯ ಬೇರೆ: ಮೊದಲು ಒಂದೇ ಒಂದು ಸಣ್ಣ ಅಧ್ಯಯನವನ್ನು ಪ್ರಶ್ನೆಯಿಂದ ಪ್ರಕಟಣೆಯವರೆಗೆ ಪೂರ್ತಿ ಮುಗಿಸಿ. ಆಮೇಲೆ ಎಂಪಿಎಚ್‌ಗೆ ಹೋದರೆ ಅಲ್ಲಿ ಏನು ಕೇಳಬೇಕೆಂಬುದು ಗೊತ್ತಿರುತ್ತದೆ.

ಸಮಯದ ಲೆಕ್ಕ ಹೇಳದೆ ಉತ್ಸಾಹ ತುಂಬುವುದು ಮೋಸ. ವಾರಕ್ಕೆ ಅರ್ಧ ದಿನ, ಅಂದರೆ ನಾಲ್ಕು ಗಂಟೆ, ಕ್ಲಿನಿಕ್ಕಿನ ಬಾಗಿಲು ಹಾಕಿ ಕೂರಬೇಕು. ವರ್ಷಕ್ಕೆ 200 ಗಂಟೆ ಸಿಗುತ್ತದೆ. 300 ಜನರ ಒಂದು ಸಾಧಾರಣ ಅಧ್ಯಯನಕ್ಕೆ ಪ್ರೊಟೊಕಾಲ್ (ಅಧ್ಯಯನದ ಲಿಖಿತ ಯೋಜನೆ) ಬರೆಯಲು 40, ಅನುಮತಿಯ ಕಾಗದಪತ್ರಗಳಿಗೆ 20, ಮಾಹಿತಿ ಸಂಗ್ರಹದ ಮೇಲ್ವಿಚಾರಣೆಗೆ 60, ಲೆಕ್ಕಕ್ಕೆ 40, ಬರವಣಿಗೆಗೆ 60 ಗಂಟೆ ಎಂದು ಅಂದಾಜು ಮಾಡಬಹುದು. ನಡುವಿನ ಕಾಯುವಿಕೆಯೂ ಸೇರಿದರೆ ಎರಡು ವರ್ಷ. ರಾತ್ರಿ ಹತ್ತರ ನಂತರ ಮಾಡುತ್ತೇನೆ ಎನ್ನುವವರು ಮೂರನೆಯ ತಿಂಗಳಲ್ಲಿ ನಿಲ್ಲಿಸುತ್ತಾರೆ.

ಮೊದಲ ಕೆಲಸ ರಿಜಿಸ್ಟರ್. ಅದರಲ್ಲಿ ತಾರೀಕು, ಕ್ರಮಸಂಖ್ಯೆ, ವಯಸ್ಸು, ಲಿಂಗ, ವಾರ್ಡು, ಬಂದ ಕಾರಣ ರೋಗಿಯ ಮಾತಿನಲ್ಲೇ, ವೈದ್ಯರ ನಿರ್ಣಯ, ಹೊಸತೋ ಮರುಭೇಟಿಯೋ, ಬೇರೆಡೆಗೆ ಕಳಿಸಿದ್ದರೆ ಎಲ್ಲಿಗೆ, ಇಷ್ಟೇ ಇರಲಿ. ಇದಕ್ಕಿಂತ ಒಂದು ಕಾಲಂ ಹೆಚ್ಚಾದರೂ ಎರಡನೆಯ ವಾರದಿಂದ ಖಾಲಿ ಬೀಳುತ್ತದೆ. ಬಂದ ಕಾರಣವನ್ನು ಗುರುತಿಸಲು ಪ್ರಾಥಮಿಕ ಆರೈಕೆಗೆಂದೇ ಮಾಡಿದ ಐಸಿಪಿಸಿ ಎಂಬ ವರ್ಗೀಕರಣವಿದೆ. ಅದರ ಎರಡನೆಯ ಆವೃತ್ತಿಯಲ್ಲಿ 17 ಅಧ್ಯಾಯಗಳು. ಎಲ್ಲವೂ ಎರಡು ಪುಟದ ಹಾಳೆಯಲ್ಲಿ ಹಿಡಿಯುತ್ತವೆ, ಮೇಜಿನ ಗಾಜಿನಡಿ ಇಡಬಹುದು. ಎ03 ಎಂದರೆ ಜ್ವರ, ಆರ್05 ಕೆಮ್ಮು, ಎ04 ಸುಸ್ತು, ಕೆ86 ತೊಡಕಿಲ್ಲದ ಅಧಿಕ ರಕ್ತದೊತ್ತಡ. ಆಸ್ಪತ್ರೆಗಳ ಐಸಿಡಿ ಪಟ್ಟಿ ‘ಇದು ಇಂಥ ಕಾಯಿಲೆ’ ಎಂದು ತೀರ್ಮಾನವಾದ ಮೇಲೆ ಬರೆಯಲು ಅನುಕೂಲ. ನಮ್ಮಲ್ಲಿಗೆ ಬರುವವರಲ್ಲಿ ಬಹುಪಾಲು ತೀರ್ಮಾನವಾಗದೆಯೇ ಗುಣವಾಗಿ ಹೋಗುತ್ತಾರೆ. ಸುಸ್ತು ಸುಸ್ತಾಗಿಯೇ ಉಳಿಯಲು ಅವಕಾಶ ಕೊಡುವ ಪಟ್ಟಿ ಬೇಕು.

ದಿನಕ್ಕೆ 60 ರೋಗಿಗಳಿದ್ದರೆ ಎಲ್ಲರನ್ನೂ ಬರೆಯಲು ಹೋಗಬೇಡಿ. ವಾರಕ್ಕೆ ಒಂದು ದಿನ ಸಾಕು. ಆದರೆ ಅದು ಪ್ರತಿ ವಾರವೂ ಸೋಮವಾರವೇ ಆಗಬಾರದು. ಈ ವಾರ ಸೋಮ, ಮುಂದಿನ ವಾರ ಮಂಗಳ ಎಂದು ಸರಿಸುತ್ತಾ ಹೋಗಿ. ಸಂತೆಯ ದಿನದ ರೋಗಿಗಳೂ ಶನಿವಾರದ ಶಾಲಾಮಕ್ಕಳೂ ಬೇರೆ ಬೇರೆ. ಮಳೆಗಾಲವೂ ಬೇಸಿಗೆಯೂ ಒಳಗೊಳ್ಳಬೇಕಾದರೆ ಇಡೀ ವರ್ಷ ಬೇಕು. ಮಳೆಗಾಲದಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆ ನಿಲ್ಲುವ ಟ್ರಾಲಿಂಗ್ ನಿಷೇಧದ 52 ದಿನಗಳಲ್ಲಿ ಕರಾವಳಿಯ ಕ್ಲಿನಿಕ್ಕುಗಳಿಗೆ ಬರುವ ಗಂಡಸರ ಸಂಖ್ಯೆಯನ್ನು ಮಾತ್ರ ನೋಡಿ ಬೆನ್ನುನೋವಿನ ಪ್ರಮಾಣ ಹೇಳಿದರೆ ನಗೆಪಾಟಲಾಗುತ್ತದೆ.

ಎಡವುವ ಜಾಗಗಳು ಗೊತ್ತಿರುವಂಥವೇ. ಸಂಜೆ ನೆನಪಿನಿಂದ ಬರೆದ ರಿಜಿಸ್ಟರಿನಲ್ಲಿ ಕಷ್ಟದ ರೋಗಿಗಳು ಮಾತ್ರ ಉಳಿದಿರುತ್ತಾರೆ. ‘ಇತರೆ’ ಎಂಬ ಖಾನೆ ಹತ್ತರಲ್ಲಿ ಒಂದಕ್ಕಿಂತ ಹೆಚ್ಚು ತುಂಬಿದರೆ ಖಾನೆಗಳ ಹಂಚಿಕೆಯೇ ತಪ್ಪಿದೆ. ರಕ್ತದೊತ್ತಡವನ್ನು ಪಾದರಸದ ಅಥವಾ ಗಡಿಯಾರದ ಉಪಕರಣದಲ್ಲಿ ನೋಡುವವರು ಒಂದು ಪರೀಕ್ಷೆ ಮಾಡಿಕೊಳ್ಳಲಿ: ಗೆರೆಗಳು ಎರಡೆರಡರ ಅಂತರದಲ್ಲಿರುವುದರಿಂದ ಕೊನೆಯ ಅಂಕೆ 0, 2, 4, 6, 8 ಒಂದೊಂದೂ ಸುಮಾರು ಶೇಕಡಾ 20ರಷ್ಟು ಬರಬೇಕು. ಅರ್ಧಕ್ಕಿಂತ ಹೆಚ್ಚು 0ಯಲ್ಲೇ ಮುಗಿದಿದ್ದರೆ ಅಲ್ಲಿ ಅಳೆದದ್ದಕ್ಕಿಂತ ಊಹಿಸಿದ್ದು ಹೆಚ್ಚು. ರೋಗಿ ಐದು ನಿಮಿಷ ಕುಳಿತ ಮೇಲೆ, ಒಂದೆರಡು ನಿಮಿಷದ ಅಂತರದಲ್ಲಿ ಎರಡು ಸಲ ನೋಡಿ ಬರೆಯಬೇಕು. ಇನ್ನೊಂದು ಭ್ರಮೆಯಂತೂ ಬಲು ಸಿಹಿಯಾದದ್ದು. 160 ಇದ್ದವರನ್ನೇ ಆರಿಸಿ, ಒಂದು ಉಪದೇಶ ಕೊಟ್ಟು, ತಿಂಗಳ ನಂತರ ನೋಡಿದರೆ 150 ಆಗಿರುತ್ತದೆ. ಉಪದೇಶ ಕೊಡದಿದ್ದರೂ ಇಳಿಯುತ್ತಿತ್ತು. ಆ ದಿನ ಅಕಸ್ಮಾತ್ ಏರಿದ್ದವರನ್ನೇ ನಾವು ಆರಿಸಿದ್ದು. ಹೋಲಿಕೆಯ ಗುಂಪಿಲ್ಲದೆ ‘ಮೊದಲು–ಆಮೇಲೆ’ ಎಂದು ಬರೆಯುವ ಅಧ್ಯಯನಗಳು ಸೋಲುವುದು ಇಲ್ಲೇ.

ಖಾಸಗಿ ಕ್ಲಿನಿಕ್ಕಿಗೆ ಛೇದದ ಸಮಸ್ಯೆ ದೊಡ್ಡದು. ನಮ್ಮಲ್ಲಿಗೆ ಬಂದವರಲ್ಲಿ ಇಷ್ಟು ಮಂದಿಗೆ ಸಕ್ಕರೆ ಕಾಯಿಲೆ ಎನ್ನಬಹುದೇ ಹೊರತು ಊರಲ್ಲಿ ಇಷ್ಟು ಎನ್ನಲಾಗದು. ಕುಟುಂಬ ಆರೋಗ್ಯ ಕೇಂದ್ರಗಳಿಗೆ ಮಾತ್ರ ಗಡಿ ಗುರುತಿಸಿದ ಸೀಮೆಯಿದೆ, ವಾರ್ಡುವಾರು ಜನಸಂಖ್ಯೆಯಿದೆ, ಸುಮಾರು ಸಾವಿರ ಜನಕ್ಕೊಬ್ಬರಂತೆ ಆಶಾ ಕಾರ್ಯಕರ್ತೆಯರಿದ್ದಾರೆ. ಎರಡೂ ಕಡೆಯವರು ಸೇರಿದರೆ ಭಿನ್ನರಾಶಿ ಪೂರ್ಣವಾಗುತ್ತದೆ. ಇದಕ್ಕೆ ಜಿಲ್ಲಾ ವೈದ್ಯಾಧಿಕಾರಿಯವರ ಅನುಮತಿ ಬೇಕು. ಸಂಶೋಧನೆಯ ನೈತಿಕತೆ ಪರಿಶೀಲಿಸುವ ಎಥಿಕ್ಸ್ ಕಮಿಟಿಯ ಒಪ್ಪಿಗೆ ಸಿಕ್ಕಿತೆಂದು ಇದು ತಾನಾಗಿ ಸಿಗುವುದಿಲ್ಲ.

ಪ್ರಶ್ನೆ ಸಣ್ಣದಾಗಿರಲಿ. ‘ಅಡಿಕೆ ಕೃಷಿಕರ ಆರೋಗ್ಯ’ ಎಂಬುದು ಪ್ರಶ್ನೆಯಲ್ಲ, ವಿಚಾರಸಂಕಿರಣದ ಬ್ಯಾನರು. ‘ಜೂನ್‌ನಿಂದ ಆಗಸ್ಟ್‌ವರೆಗೆ ಬೋರ್ಡೋ ದ್ರಾವಣ ಸಿಂಪಡಿಸಿದವರಲ್ಲಿ ಕಣ್ಣುರಿಯೆಂದು ಒಂದು ಸಲವಾದರೂ ಕೆಲಸ ನಿಲ್ಲಿಸಿದವರು ಎಷ್ಟು, ಅವರಲ್ಲಿ ಕನ್ನಡಕ ಹಾಕಿದ್ದವರು ಎಷ್ಟು’ ಎಂಬುದು ಪ್ರಶ್ನೆ. ನೂರು ಲೀಟರ್ ನೀರಿಗೆ ಕಿಲೋ ಮೈಲುತುತ್ತು, ಕಿಲೋ ಸುಣ್ಣ ಕಲಸುವವರು ಯಾರು, ಮರ ಏರುವವರು ಯಾರು, ಕೆಳಗೆ ನಿಂತು ಪಂಪು ಹೊಡೆಯುವವರು ಯಾರು ಎಂದು ಬೇರೆ ಬೇರೆ ಕೇಳಬೇಕೆಂಬುದು ಇಲ್ಲಿಯವರಿಗಲ್ಲದೆ ಬೇರೆಯವರಿಗೆ ಹೊಳೆಯದು. ತೋಟದಲ್ಲಿ ಬಿದ್ದ ಅಡಿಕೆ ಹಾಳೆಯಲ್ಲಿ ನಿಂತ ನೀರು ಮತ್ತು ಡೆಂಗಿ, ಮಳೆಗಾಲದ ಇಲಿಜ್ವರದಲ್ಲಿ ಮೊದಲ ಮೂರು ದಿನ ರೋಗಿ ಎಲ್ಲೆಲ್ಲಿ ಅಲೆದರು, ಕವಳದ ಬಾಯಿಯಲ್ಲಿ ಬಿಳಿ ಮಚ್ಚೆ ಕಂಡ ದಿನದಿಂದ ಬಯಾಪ್ಸಿಯವರೆಗೆ ಎಷ್ಟು ವಾರ ಕಳೆಯಿತು, ಹೀಗೆ ಇಂಥವು ಬೇಕಾದಷ್ಟಿವೆ.

ಎಷ್ಟು ಜನ ಬೇಕು? ರಕ್ತದೊತ್ತಡದ ಮದ್ದು ತಿನ್ನುವವರಲ್ಲಿ ಕಳೆದ ಎರಡು ವಾರದಲ್ಲಿ ಒಂದು ದಿನವಾದರೂ ಮದ್ದು ಮುಗಿದು ಖಾಲಿ ಕುಳಿತವರು ಶೇಕಡಾ 20 ಇರಬಹುದೆಂದು ಊಹಿಸಿ, ಐದು ಅಂಕ ಆಚೀಚೆ ಸಹಿಸಬಹುದೆಂದಿಟ್ಟುಕೊಳ್ಳಿ. ರೂಢಿಯ ಸೂತ್ರದಂತೆ 4×20×80, ಅದನ್ನು 5ರ ವರ್ಗವಾದ 25ರಿಂದ ಭಾಗಿಸಿದರೆ 256 ಮಂದಿ. ಹತ್ತರಲ್ಲಿ ಒಬ್ಬರು ಉತ್ತರಿಸಲಿಕ್ಕಿಲ್ಲ ಎಂದಾದರೆ 256ಕ್ಕೆ ಶೇಕಡಾ 10 ಕೂಡಿಸಿ 282 ಎಂದು ಬರೆಯುವವರೇ ಹೆಚ್ಚು; ಸರಿಯಾದದ್ದು 0.9ರಿಂದ ಭಾಗಿಸಿ 285. ಇಡೀ ಪಂಚಾಯತಿನಿಂದ ಚೀಟಿ ಎತ್ತಿ ಆರಿಸುವ ಬದಲು ಕೆಲವು ವಾರ್ಡುಗಳನ್ನು ಮಾತ್ರ ಆರಿಸಿದರೆ ಇನ್ನೂ ಹೆಚ್ಚು ಬೇಕು, ಏಕೆಂದರೆ ನೆರೆಹೊರೆಯವರು ಒಂದೇ ಥರ ಇರುತ್ತಾರೆ. ಒಂದೂವರೆ ಪಟ್ಟು ಎಂದಿಟ್ಟರೆ 384, ಅದನ್ನೂ 0.9ರಿಂದ ಭಾಗಿಸಿದರೆ 427. ಮೂಲ ಊಹೆಯೇ ಗೊತ್ತಿಲ್ಲದಿದ್ದರೆ ಶೇಕಡಾ 50 ಎಂದು ಹಿಡಿಯಬೇಕು, ಆಗ 400ರಿಂದಲೇ ಶುರು. ಗುಡ್ಡೆ ಹತ್ತಿಳಿದು ಒಂದು ಮನೆಗೆ ಅರ್ಧ ಗಂಟೆಯೆಂದರೆ ನಾಲ್ಕು ಗಂಟೆಯಲ್ಲಿ ಎಂಟು ಮನೆ. 285 ಮನೆಗೆ 36 ದಿನ. ಹಗಲಲ್ಲೇ ಹೋದರೆ ಸಿಗುವವರು ಹೆಂಗಸರು ಮತ್ತು ಮುದುಕರು. ಗಂಡಸರಿಗಾಗಿ ಭಾನುವಾರ ಹೋಗಬೇಕು. ಖರ್ಚಿನಲ್ಲಿ ಮುದ್ರಣ, ಪೆಟ್ರೋಲು ಎಲ್ಲ ಚಿಲ್ಲರೆ. ಹೆಚ್ಚಿನ ದುಡ್ಡು ಹೋಗುವುದು ಈ 36 ದಿನದ ಸಂಬಳಕ್ಕೆ.

ಭಾಷೆಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಏಕೆಂದರೆ ಈ ಜಿಲ್ಲೆಯಲ್ಲಿ ಒಳ್ಳೆಯ ಅಧ್ಯಯನಗಳೂ ಮುಗ್ಗರಿಸುವುದು ಇಲ್ಲೇ. ಒಂದೇ ವಾರ್ಡಿನಲ್ಲಿ ಕನ್ನಡ, ಮಲಯಾಳ, ತುಳು, ಬ್ಯಾರಿ, ಕೊಂಕಣಿ, ಮರಾಠಿ ಮಾತಾಡುವ ಮನೆಗಳಿರುತ್ತವೆ. ಪ್ರಶ್ನಾವಳಿ ತಿರುವನಂತಪುರದಿಂದ ಮಲಯಾಳದಲ್ಲಿ ಬರುತ್ತದೆ, ಕಾರ್ಯಕರ್ತೆ ಬಾಯಲ್ಲೇ ಕನ್ನಡಕ್ಕೋ ತುಳುವಿಗೋ ತಿರುಗಿಸುತ್ತಾರೆ. ಹತ್ತು ಮಂದಿ ಕಾರ್ಯಕರ್ತೆಯರಾದರೆ ಹತ್ತು ಪ್ರಶ್ನಾವಳಿಗಳಾದಂತೆ. ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಪಟ್ಟಿಯನ್ನೇ ತೆಗೆದುಕೊಳ್ಳಿ. ‘ಬೇಜಾರು’ ಎಂದು ಬರೆದರೆ ದುಃಖವೂ ಅದೇ, ಹೊತ್ತು ಹೋಗದಿರುವುದೂ ಅದೇ, ಸೊಸೆಯ ಮೇಲಿನ ಅಸಮಾಧಾನವೂ ಅದೇ. ‘ಕಳೆದ ಎರಡು ವಾರದಲ್ಲಿ’ ಎಂಬುದನ್ನು ಬಿಟ್ಟು ಕೇಳಿದರೆ ಜನ ಇಡೀ ಬದುಕಿನ ಲೆಕ್ಕ ಹೇಳುತ್ತಾರೆ. ‘ಉಷ್ಣ’ ಎಂದರೆ ಒಬ್ಬರಿಗೆ ಬಾಯಿಹುಣ್ಣು, ಇನ್ನೊಬ್ಬರಿಗೆ ಉರಿಮೂತ್ರ. ‘ಪಿತ್ತ’ ತಲೆನೋವೂ ಆದೀತು, ವಾಂತಿಯೂ ಆದೀತು. ಆದ್ದರಿಂದ ಒಬ್ಬರು ಕನ್ನಡಕ್ಕೆ ತರಬೇಕು, ಮೂಲ ನೋಡದ ಇನ್ನೊಬ್ಬರು ಅದನ್ನು ಮರಳಿ ಮೂಲಭಾಷೆಗೆ ತಿರುಗಿಸಬೇಕು, ಎರಡನ್ನೂ ಇಟ್ಟು ಹೊಂದದ ವಾಕ್ಯಗಳನ್ನು ತಿದ್ದಬೇಕು. ಆಮೇಲೆ ಹತ್ತು ಮಂದಿಗೆ ಓದಿ ಹೇಳಿ, ‘ನಿಮಗೇನು ಅರ್ಥವಾಯಿತು’ ಎಂದು ಅವರ ಬಾಯಿಂದಲೇ ಕೇಳಬೇಕು. ತುಳು, ಬ್ಯಾರಿಗಳಿಗೆ ಕನ್ನಡ ಲಿಪಿಯಲ್ಲೇ ವಾಕ್ಯಗಳನ್ನು ಬರೆದುಕೊಟ್ಟು, ಎಲ್ಲರೂ ಅದನ್ನೇ ಓದುವಂತೆ ಮಾಡಬೇಕು. ಆ ಒಂಬತ್ತರಲ್ಲಿ ಕೊನೆಯದು ಜೀವ ಕಳೆದುಕೊಳ್ಳುವ ಯೋಚನೆಯ ಬಗ್ಗೆ. ‘ಹೌದು’ ಎಂದವರನ್ನು ಅದೇ ದಿನ ಯಾರು ನೋಡುತ್ತಾರೆ ಎಂದು ಮೊದಲೇ ಗೊತ್ತು ಮಾಡದೆ ಆ ಪ್ರಶ್ನೆ ಕೇಳಲೇಬಾರದು.

ಒಪ್ಪಿಗೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ‘ನಮ್ಮ ಡಾಕ್ಟ್ರು’ ಕೇಳಿದರೆ ಇಲ್ಲವೆನ್ನುವವರು ಹಳ್ಳಿಯಲ್ಲಿ ಯಾರು? ಹಾಗಾಗಿ ಚಿಕಿತ್ಸೆ ಕೊಡುವವರೇ ಒಪ್ಪಿಗೆ ಕೇಳದೆ, ಬೇರೊಬ್ಬರು ಬೇರೆ ಕೋಣೆಯಲ್ಲಿ ಕೇಳುವುದು ಒಳ್ಳೆಯದು. ಓದುಬರಹ ಬಾರದವರಿಗೆ ಪೂರ್ತಿ ಓದಿ ಹೇಳಿ, ತಂಡಕ್ಕೆ ಸೇರದ ಸಾಕ್ಷಿಯ ಎದುರು ಹೆಬ್ಬೆಟ್ಟು ಹಾಕಿಸಬೇಕು. ಹೆಸರಿನ ಪಟ್ಟಿ ಒಂದು ಕಪಾಟಿನಲ್ಲಿ, ಸಂಕೇತಸಂಖ್ಯೆಯ ಉತ್ತರಪತ್ರಿಕೆ ಇನ್ನೊಂದರಲ್ಲಿ. ಹೆಸರು ತೆಗೆದರೂ ಸಾಲದು. ಇಂಥ ವಾರ್ಡಿನ, ಇಂಥ ಸಮುದಾಯದ, 42 ವರ್ಷದ ವಿಧವೆ ಎಂದು ಪ್ರಕಟಿಸಿದರೆ ಊರಿಡೀ ಆಕೆ ಯಾರೆಂದು ತಿಳಿಯುತ್ತದೆ. ವಯಸ್ಸನ್ನು ಹತ್ತು ವರ್ಷದ ಗುಂಪುಗಳಾಗಿ ಕೊಡಿ, ವಾರ್ಡನ್ನು ಬಿಡಿ.

ಐಸಿಎಂಆರ್‌ನ 2017ರ ಮಾರ್ಗಸೂಚಿಯ ಪ್ರಕಾರ ಮನುಷ್ಯರ ಮೇಲಿನ ಯಾವುದೇ ಅಧ್ಯಯನಕ್ಕೂ ಮೊದಲೇ ಎಥಿಕ್ಸ್ ಕಮಿಟಿಯ ಪರಿಶೀಲನೆ ಬೇಕು. ಕಮಿಟಿಯಲ್ಲಿ 7ರಿಂದ 15 ಸದಸ್ಯರು, ಕೋರಂಗೆ (ಸಭೆ ನಡೆಯಲು) ಕನಿಷ್ಠ ಐವರು, ಅಧ್ಯಕ್ಷರು ಸಂಸ್ಥೆಯ ಹೊರಗಿನವರು. ಒಂಟಿ ಕ್ಲಿನಿಕ್ಕಿಗೆ ತನ್ನದೇ ಕಮಿಟಿ ಇರುವುದಿಲ್ಲ. ಹತ್ತಿರದ ವೈದ್ಯಕೀಯ ಕಾಲೇಜು ಅಥವಾ ವಿಶ್ವವಿದ್ಯಾಲಯದ ಒಬ್ಬ ಅಧ್ಯಾಪಕರನ್ನು ಸಹಸಂಶೋಧಕರನ್ನಾಗಿ ಸೇರಿಸಿಕೊಂಡು ಅಲ್ಲಿನ ಕಮಿಟಿಗೆ ಹೋಗುವುದು ವಾಡಿಕೆ. ಹೊಸ ಔಷಧದ ಪ್ರಯೋಗವಾದರೆ 2019ರ ನಿಯಮದಂತೆ ಕಮಿಟಿ ಅದೇ ನಗರದಲ್ಲಿ ಅಥವಾ 50 ಕಿಲೋಮೀಟರಿನೊಳಗೆ ಇರಬೇಕು. ಮಂಜೇಶ್ವರದವರಿಗೆ ಈ ಅಳತೆಯಲ್ಲಿ ಮಂಗಳೂರೂ ಸಿಗುತ್ತದೆ, ಕಾಸರಗೋಡಿನಿಂದ ತೆಂಕಕ್ಕೆ ಹೋದಂತೆ ಸಿಗುವುದಿಲ್ಲ. ಅರ್ಜಿಯೊಂದಿಗೆ ಪ್ರೊಟೊಕಾಲ್, ಎಲ್ಲ ಭಾಷೆಗಳ ಮಾಹಿತಿಪತ್ರ ಮತ್ತು ಒಪ್ಪಿಗೆಪತ್ರ, ಪ್ರಶ್ನಾವಳಿ, ಸಂಶೋಧಕರ ಪರಿಚಯ, ಖರ್ಚಿನ ಪಟ್ಟಿ, ಹಿತಾಸಕ್ತಿಯ ಘೋಷಣೆ ಹೋಗಬೇಕು. ತಿರುಗಿ ಬರುವ ಅರ್ಜಿಗಳಲ್ಲಿ ಬಹಳಷ್ಟಕ್ಕೆ ಕಾರಣ ವಿಜ್ಞಾನವಲ್ಲ. ಪ್ರೊಟೊಕಾಲಿನಲ್ಲಿ 285 ಎಂದೂ ಒಪ್ಪಿಗೆಪತ್ರದಲ್ಲಿ 300 ಎಂದೂ ಇರುವಂಥ ಅಜಾಗರೂಕತೆ. ಕೆಲಸ ಶುರು ಮಾಡಿದ ಮೇಲೆ ಹಿಂದಿನ ತಾರೀಕಿಗೆ ಒಪ್ಪಿಗೆ ಸಿಗುವುದಿಲ್ಲ. ಚಿಕಿತ್ಸೆಯನ್ನೋ ಸಲಹೆಯನ್ನೋ ಎರಡು ಗುಂಪಿಗೆ ಹಂಚಿ ನೋಡುವುದಾದರೆ, ಭಾರತದ ಚಿಕಿತ್ಸಾ ಪ್ರಯೋಗಗಳ ದಾಖಲೆಪಟ್ಟಿಯಾದ ಸಿಟಿಆರ್‌ಐಯಲ್ಲಿ ನೋಂದಣಿಯೂ ಆಗಬೇಕು. ಅದು ಉಚಿತ. ಆದರೆ 2018ರ ಏಪ್ರಿಲ್ 1ರಿಂದ ಮೊದಲ ರೋಗಿಯನ್ನು ಸೇರಿಸುವ ಮುಂಚೆಯೇ ಮಾಡಿರಬೇಕು. ಎಷ್ಟೋ ಪ್ರಬಂಧಗಳು ಪ್ರಕಟಣೆಗೆ ನಾಲಾಯಕ್ಕಾಗುವುದು ಈ ಒಂದು ತಾರೀಕಿನಿಂದ.

ಗಡಿಯ ಊರಿನಲ್ಲಿ ರೋಗಿಯನ್ನು ವರ್ಷಗಟ್ಟಲೆ ಹಿಂಬಾಲಿಸುವುದು ಕಷ್ಟ. ಜ್ವರಕ್ಕೆ ಇಲ್ಲಿ, ಆಪರೇಶನ್ನಿಗೆ ಮಂಗಳೂರು ಅಥವಾ ದೇರಳಕಟ್ಟೆ, ಹೆರಿಗೆಗೆ ತವರು. ಫೈಲು ಎರಡು ರಾಜ್ಯಗಳಲ್ಲಿ ಹಂಚಿಹೋಗಿರುತ್ತದೆ. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಡಯಾಲಿಸಿಸ್‌ಗೆ, ಕ್ಯಾನ್ಸರ್ ಚಿಕಿತ್ಸೆಗೆ ಆಚೆ ಹೋಗುವವರು ಎಷ್ಟಿದ್ದಾರೆಂಬ ಪಟ್ಟಿ ಈಚೆ ಯಾರ ಬಳಿ ಇತ್ತು? ಡಿಸ್ಚಾರ್ಜ್ ಚೀಟಿಯ ಫೋಟೋವನ್ನು ರೋಗಿಯ ಒಪ್ಪಿಗೆಯೊಂದಿಗೆ ತೆಗೆದಿಟ್ಟುಕೊಳ್ಳುವ ಅಭ್ಯಾಸ ಒಂದೇ ಈ ಕೊರತೆಯನ್ನು ಅರ್ಧ ತುಂಬಬಲ್ಲದು. ಗಲ್ಫಿನಿಂದ ರಜೆಗೆ ಬಂದವರನ್ನು ಆರು ತಿಂಗಳ ಅಧ್ಯಯನಕ್ಕೆ ಸೇರಿಸಿಕೊಂಡು ಆಮೇಲೆ ‘ಸಂಪರ್ಕಕ್ಕೆ ಸಿಗಲಿಲ್ಲ’ ಎಂದು ಬರೆಯುವ ಬದಲು, ಮೊದಲೇ ಅವರನ್ನು ಪ್ರತ್ಯೇಕವಾಗಿ ಗುರುತಿಸಿ. ಎರಡು ಫೋನ್ ನಂಬರು ಕೇಳಿ, ಒಂದು ಅವರದು, ಒಂದು ಮನೆಯಲ್ಲೇ ಇರುವವರದು.

ಬರವಣಿಗೆಗೆ ಹೆಚ್ಚು ಹೇಳಬೇಕಾದ್ದಿಲ್ಲ. ಅವಲೋಕನದ ಅಧ್ಯಯನಕ್ಕೆ ಸ್ಟ್ರೋಬ್ ಎಂಬ 22 ಅಂಶಗಳ ಪಟ್ಟಿ ಇದೆ. ಅದನ್ನು ಬರೆದು ಮುಗಿಸಿದ ಮೇಲಲ್ಲ, ಪ್ರೊಟೊಕಾಲ್ ಬರೆಯುವಾಗಲೇ ಎದುರಿಗಿಡಿ. ಲೇಖಕರ ಹೆಸರುಗಳನ್ನೂ ಸಾಲಿನ ಕ್ರಮವನ್ನೂ ಕೆಲಸ ಶುರುವಾಗುವ ಮುಂಚೆಯೇ ಕಾಗದದಲ್ಲಿ ಬರೆದುಕೊಳ್ಳಿ, ಸ್ನೇಹ ಉಳಿಯುತ್ತದೆ. ಕುಟುಂಬ ವೈದ್ಯರ ರಾಷ್ಟ್ರೀಯ ಅಕಾಡೆಮಿ 2012ರಿಂದ ತನ್ನದೇ ಜರ್ನಲ್ ತರುತ್ತಿದೆ. ‘ಮಾನ್ಯ ಡಾಕ್ಟರರೇ, ತಮ್ಮ ಅಮೂಲ್ಯ ಲೇಖನ ಮೂರು ದಿನದಲ್ಲಿ ಪ್ರಕಟ’ ಎಂದು ಇಮೇಲ್ ಕಳಿಸುವವರಿಗೆ ದುಡ್ಡು ಕೊಡಬೇಡಿ. ಮೂರು ದಿನದಲ್ಲಿ ಯಾರೂ ಓದಿ ವಿಮರ್ಶೆ ಮಾಡಿರುವುದಿಲ್ಲ. ಮತ್ತು ಫಲಿತಾಂಶದ ಒಂದು ಪುಟವನ್ನು ಕನ್ನಡದಲ್ಲೂ ಮಲಯಾಳದಲ್ಲೂ ಬರೆದು ಗ್ರಾಮಸಭೆಯಲ್ಲಿ ಓದಿ. ಎಂಡೋಸಲ್ಫಾನ್ ಕಾಲದಲ್ಲಿ ರಕ್ತ ಕೊಟ್ಟು ಕೊಟ್ಟು ಬೇಸತ್ತ ಊರುಗಳಿವೆ. ಅಲ್ಲಿಗೆ ಇನ್ನೊಮ್ಮೆ ಪ್ರಶ್ನಾವಳಿ ಹಿಡಿದು ಹೋಗುವವರು ಹಿಂದಿನವರ ಉತ್ತರವನ್ನೂ ಕೈಯಲ್ಲಿ ಹಿಡಿದು ಹೋಗಬೇಕಾಗುತ್ತದೆ.

ಸರಕಾರದಿಂದ ಬೇಕಾದ್ದು ದೊಡ್ಡ ಕಟ್ಟಡವಲ್ಲ. ಕುಟುಂಬ ಆರೋಗ್ಯ ಕೇಂದ್ರದ ವೈದ್ಯರಿಗೆ ವಾರಕ್ಕೊಂದು ಅರ್ಧ ದಿನವನ್ನು ಡ್ಯೂಟಿ ಪಟ್ಟಿಯಲ್ಲೇ ಬರೆದು ಕೊಡಬೇಕು, ಬದಲಿ ವೈದ್ಯರ ಸಮೇತ. ಉಕ್ಕಿನಡ್ಕದ ವೈದ್ಯಕೀಯ ಕಾಲೇಜಿನಲ್ಲಿ ಎಥಿಕ್ಸ್ ಕಮಿಟಿ ಕೂರುವಾಗ ಸುತ್ತಲಿನ ಕ್ಲಿನಿಕ್ಕುಗಳ ಅರ್ಜಿಗೂ ಬಾಗಿಲು ತೆರೆದಿರಬೇಕು, ಅದರಲ್ಲಿ ಕನ್ನಡ ಓದಬಲ್ಲ ಸಾಮಾನ್ಯ ಸದಸ್ಯರೊಬ್ಬರಾದರೂ ಇರಬೇಕು. ಕಾಸರಗೋಡು, ಮಂಜೇಶ್ವರ ತಾಲೂಕುಗಳಲ್ಲಿ ನಡೆಯುವ ಅಧ್ಯಯನಕ್ಕೆ ಕನ್ನಡದ ಒಪ್ಪಿಗೆಪತ್ರ ಇಲ್ಲದಿದ್ದರೆ ಅರ್ಜಿಯನ್ನೇ ಪರಿಗಣಿಸಬಾರದು.

ನಿಮ್ಮ ಓದುಗರಲ್ಲೂ ಒಂದು ವಿನಂತಿ. ಆರೋಗ್ಯದ ಸರ್ವೆಯೆಂದು ಯಾರಾದರೂ ಮನೆಗೆ ಬಂದು, ನಿಮಗೆ ಓದಲಾಗದ ಭಾಷೆಯ ಕಾಗದಕ್ಕೆ ಸಹಿ ಕೇಳಿದರೆ, ಕನ್ನಡದ ಪ್ರತಿ ಕೇಳಿ. ಸಹಿ ಹಾಕಿದ ಮೇಲೆ ಒಂದು ಪ್ರತಿ ನಿಮ್ಮಲ್ಲೇ ಉಳಿಯಬೇಕು. ಅದರಲ್ಲಿ ಸಂಶೋಧಕರ ಮತ್ತು ಎಥಿಕ್ಸ್ ಕಮಿಟಿಯ ಫೋನ್ ನಂಬರು ಇರಬೇಕು. ನಡುವೆ ಬೇಡವೆನಿಸಿದರೆ ಬಿಡಬಹುದು, ಅದಕ್ಕಾಗಿ ಮದ್ದು ನಿಲ್ಲಿಸುವಂತಿಲ್ಲ. ಕನ್ನಡದ ಪ್ರತಿ ಇಲ್ಲವೆಂದರೆ, ತಂದ ಮೇಲೆ ಬನ್ನಿ ಎಂದು ಹೇಳಿ ಕಳಿಸಿ.

ಇತಿ,
ಇಬ್ಬರು ಕುಟುಂಬ ವೈದ್ಯರು,
ಬದಿಯಡ್ಕ, ಕಾಸರಗೋಡು ಜಿಲ್ಲೆ